ಯಂತ್ರ ನುಡಿದ ತಪ್ಪು, ನುಡಿಯದ ತಪ್ಪು

ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಮಾತು ಕೇಳಿಸಿತೆಂದರೆ ಅದು ನನ್ನ ಮೊಮ್ಮಗಳ ದನಿ. ಅವಳ ಉದ್ಯೋಗವೇ ಅಂಥದು. ಕಡಲಾಚೆಯ ಯಾವುದೋ ಕಂಪನಿಯ ಗುಮಾಸ್ತನೊಬ್ಬ ಸರಕಿನ ಪಟ್ಟಿಯನ್ನೋ ಸಂಬಳದ ಬಟವಾಡೆಯನ್ನೋ ಗಣಕಯಂತ್ರಕ್ಕೆ ಏರಿಸುತ್ತಿರುತ್ತಾನೆ. ನಡುವೆ ಯಂತ್ರ ಮೊಂಡು ಹಿಡಿದು, ಪರದೆಯ ಮೇಲೆ ಕೆಂಪಕ್ಷರದ ಒಂದು ಸಾಲನ್ನು ಮೂಡಿಸಿ ನಿಂತುಬಿಡುತ್ತದೆ. ಅವನು ಬೆಂಗಳೂರಿಗೆ ಫೋನು ಮಾಡುತ್ತಾನೆ. ಇವಳು ಆ ಸಾಲನ್ನು ಓದಿಸಿಕೊಂಡು, ಅರ್ಥ ಬಿಡಿಸಿ, ಯಂತ್ರವನ್ನು ಸಮಾಧಾನಪಡಿಸುತ್ತಾಳೆ. ಊರಿಗೆಲ್ಲ ನಿದ್ದೆಯ ಹೊತ್ತು. ಅವಳಿಗೆ ಅದು ಕಚೇರಿಯ ಹೊತ್ತು.

ಒಂದು ದಿನ ಕಾಫಿ ಕುಡಿಯುತ್ತ ಕೇಳಿದೆ: "ಅಲ್ಲಮ್ಮ, ದಿನಬೆಳಗಾದರೆ ಇಷ್ಟೊಂದು ತಪ್ಪು ಹೇಳುವ ಯಂತ್ರವನ್ನು ಜನ ಯಾಕಾದರೂ ಇಟ್ಟುಕೊಂಡಿದ್ದಾರೆ?"

ಅವಳು ನಕ್ಕಳು. "ತಾತ, ತಪ್ಪು ಅಂತ ಅದು ಬಾಯಿಬಿಟ್ಟು ಹೇಳಿದರೆ ನಮಗೆ ಅರ್ಧ ಕೆಲಸ ಮುಗಿದ ಹಾಗೇ. ಏನೂ ಹೇಳದೆ ಲೆಕ್ಕ ಕೆಡಿಸುತ್ತಲ್ಲ, ಅದಕ್ಕೆ ಭಯ."

ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ನಾನೂ ಸುಮಾರು ನಲವತ್ತು ವರ್ಷ ಲೆಕ್ಕಪತ್ರದ ಜೊತೆಯಲ್ಲೇ ಹಣ್ಣಾದವನು. ಅಲ್ಲದೆ, ಕೆಲವು ವರ್ಷಗಳಿಂದ ಇಂಗ್ಲೆಂಡಿನ ಅಂಚೆ ಕಚೇರಿಗಳಲ್ಲಿ ನಡೆದ ಒಂದು ಅನಾಹುತದ ಸುದ್ದಿಯನ್ನು ಬಿಡದೆ ಓದಿಕೊಂಡು ಬಂದಿದ್ದೇನೆ. ಅದರ ಇತಿಹಾಸವನ್ನು ಬೆನ್ನಟ್ಟಿ ಹೋದರೆ ಒಂದು ಚಹದ ಅಂಗಡಿಗೆ ಹೋಗಿ ಮುಟ್ಟುತ್ತೇವೆ ಎಂದರೆ ಓದುಗರು ನಂಬಲಾರರು. ಆದರೆ ಮೊದಲು ನಮ್ಮ ಹೆಡ್ ಗುಮಾಸ್ತರ ವಿಷಯ ಹೇಳಿಬಿಡುತ್ತೇನೆ.

1964ರಲ್ಲಿ ನಾನು ಬೆಂಗಳೂರಿನ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗಕ್ಕೆ ಕಿರಿಯ ಗುಮಾಸ್ತನಾಗಿ ಸೇರಿದೆ. ಸೇರಿದ ಎರಡನೆಯ ತಿಂಗಳಿನಲ್ಲೇ ಒಂದು ಸಂಜೆ ನಗದಿನ ಶಿಲ್ಕು ತಾಳೆಯಾಗಲಿಲ್ಲ. ಪುಸ್ತಕ ತೋರಿಸಿದ್ದಕ್ಕಿಂತ ಪೆಟ್ಟಿಗೆಯಲ್ಲಿ 450 ರೂಪಾಯಿ ಕಡಿಮೆ. ಆಗ ನನ್ನ ತಿಂಗಳ ಸಂಬಳ ಅದರ ಅರ್ಧವೂ ಇರಲಿಲ್ಲ. ನಗದು ಗುಮಾಸ್ತನ ಮುಖ ಬಿಳಿಚಿಕೊಂಡಿತು. ನಾಲ್ಕು ಜನ ನಾಲ್ಕು ಕಡೆಯಿಂದ ಅವನನ್ನು ನೋಡತೊಡಗಿದರು. ಹೆಡ್ ಗುಮಾಸ್ತರು ಕನ್ನಡಕ ಹಣೆಗೇರಿಸಿ ನನ್ನನ್ನು ಕರೆದರು.

"ಏನಯ್ಯಾ, 450 ಅನ್ನೋದು ಒಂಬತ್ತರಿಂದ ಭಾಗ ಹೋಗುತ್ತೋ ಇಲ್ಲವೋ?"

"ಹೋಗುತ್ತೆ ಸಾರ್."

"ಹಾಗಾದರೆ ಅಂಕಿ ತಿರುಗುಮುರುಗಾಗಿದೆ. ಖರ್ಚಿನ ಚೀಟಿಗಳನ್ನು ತೆಗೆದುಕೊಂಡು ಕೂತುಕೋ."

ಎರಡು ಅಂಕಿಗಳು ಸ್ಥಾನ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗ ಹೋಗುತ್ತದೆ. 54ನ್ನು 45 ಎಂದು ಬರೆದರೆ ವ್ಯತ್ಯಾಸ 9. 720ನ್ನು 270 ಎಂದು ಬರೆದರೆ 450. ರಾತ್ರಿ ಒಂಬತ್ತೂವರೆಗೆ ಆ ಚೀಟಿ ಸಿಕ್ಕಿತು: ಕೊಟ್ಟದ್ದು 720, ಪುಸ್ತಕಕ್ಕೆ ಹತ್ತಿದ್ದು 270. ಬರೆದವನು ನಗದು ಗುಮಾಸ್ತನೂ ಅಲ್ಲ, ಬೇರೊಬ್ಬ. ಹೆಡ್ ಗುಮಾಸ್ತರು ಇನ್ನೊಂದು ಸೂತ್ರವನ್ನೂ ಅಂದೇ ಕಲಿಸಿದರು. ಕಡಿಮೆ ಬಂದ ಮೊತ್ತವನ್ನು ಅರ್ಧ ಮಾಡು; ಆ ಅರ್ಧದ ಮೊತ್ತದ ಬಾಬು ಯಾವುದಾದರೂ ಇದ್ದರೆ, ಅದು ಖರ್ಚಿನ ಬದಿಗೆ ಹೋಗುವುದರ ಬದಲು ಜಮಾ ಬದಿಗೆ ಹೋಗಿರಬೇಕು. ಇವೆಲ್ಲ ಲೆಕ್ಕದವರಿಗೆ ಹೊಸದಲ್ಲ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಆ ಸಂಜೆಯಿಂದ ರಾತ್ರಿಯವರೆಗೆ ಅವರ ಬಾಯಿಂದ ಬಂದ ಪ್ರಶ್ನೆ "ಎಲ್ಲಿ ಹೋಯಿತು?" ಎಂಬುದೊಂದೇ. "ಯಾರು ತೆಗೆದರು?" ಎಂಬುದು ಒಂದು ಸಲವೂ ಬರಲಿಲ್ಲ.

ಈಗ ಚಹದ ಅಂಗಡಿ. ಲಂಡನ್ನಿನಲ್ಲಿ ಜೆ. ಲಯನ್ಸ್ ಎಂಬ ದೊಡ್ಡ ಕಂಪನಿಯಿತ್ತು. ಊರೂರಿನಲ್ಲಿ ಅದರ ಚಹದಂಗಡಿಗಳು. ಅವಕ್ಕೆಲ್ಲ ಬ್ರೆಡ್ಡು, ಕೇಕು ಒದಗಿಸುವ ಬೇಕರಿಗಳು. ಒಂದೊಂದು ಬನ್ನಿನ ಮೇಲೂ ಸಿಗುವ ಲಾಭ ಕಾಸಿನಷ್ಟು. ಲೆಕ್ಕ ಇಡುವ ಗುಮಾಸ್ತರೋ ಸೈನ್ಯದಷ್ಟು. 1947ರಲ್ಲಿ ಆ ಕಂಪನಿಯ ಇಬ್ಬರು ಅಧಿಕಾರಿಗಳು ಕಚೇರಿಯ ಕೆಲಸದ ಹೊಸ ಪದ್ಧತಿಗಳನ್ನು ನೋಡಿ ಬರಲು ಅಮೆರಿಕಕ್ಕೆ ಹೋದರು. ಅಲ್ಲಿ ಅವರಿಗೆ ತಿಳಿದುಬಂದದ್ದು, ತಮ್ಮ ದೇಶದ ಕೇಂಬ್ರಿಜ್ಜಿನಲ್ಲೇ ಮಾರಿಸ್ ವಿಲ್ಕ್ಸ್ ಎಂಬ ವಿದ್ವಾಂಸರು ಗಣಕಯಂತ್ರವೊಂದನ್ನು ಕಟ್ಟುತ್ತಿದ್ದಾರೆ ಎಂಬ ಸಂಗತಿ. ಕಂಪನಿ ವಿಲ್ಕ್ಸರಿಗೆ 3,000 ಪೌಂಡು ಹಣವನ್ನೂ ಒಬ್ಬ ನೌಕರನನ್ನೂ ಕೊಟ್ಟಿತು. ಪ್ರತಿಯಾಗಿ ಆ ಯಂತ್ರದ ವಿದ್ಯೆಯನ್ನು ಪಡೆಯಿತು.

ಎಡ್ಸ್ಯಾಕ್ ಎಂಬ ಆ ಕೇಂಬ್ರಿಜ್ ಯಂತ್ರ 1949ರ ಮೇ 6ರಂದು ಮೊದಲ ಸಲ ಲೆಕ್ಕ ಮಾಡಿತು. ಅದಾದ ಕೆಲವು ವಾರಗಳಲ್ಲೇ ವಿಲ್ಕ್ಸರಿಗೆ ಒಂದು ಜ್ಞಾನೋದಯವಾಯಿತು. ಮೆಟ್ಟಿಲ ತಿರುವಿನಲ್ಲಿ ನಿಂತಾಗ, ಇನ್ನು ತಮ್ಮ ಆಯುಷ್ಯದ ದೊಡ್ಡ ಪಾಲು ತಾವೇ ಬರೆದ ಆದೇಶಗಳಲ್ಲಿನ ತಪ್ಪು ಹುಡುಕುವುದರಲ್ಲೇ ಕಳೆಯಲಿದೆ ಎಂದು ಹೊಳೆದದ್ದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ದಿನಗಳಲ್ಲಿ ಅವರು ಬರೆದ ಒಂದು ಕ್ರಮವಿಧಿಯಲ್ಲಿ 126 ಸಾಲುಗಳಿದ್ದವು. ಸುಮಾರು ಇಪ್ಪತ್ತು ತಪ್ಪುಗಳಿದ್ದವು. ವಿಲ್ಕ್ಸರಂಥವರ ಗತಿಯೇ ಹೀಗಾದರೆ ಉಳಿದವರ ಪಾಡೇನು!

ಆಗಿನ ಯಂತ್ರ ತಪ್ಪಿದರೆ ಏನನ್ನೂ ಹೇಳುತ್ತಿರಲಿಲ್ಲ. ಸುಮ್ಮನೆ ನಿಲ್ಲುತ್ತಿತ್ತು, ಇಲ್ಲವೇ ಗಾಣದೆತ್ತಿನಂತೆ ಒಂದೇ ಕಡೆ ಸುತ್ತುತ್ತಿತ್ತು. ಕೇಂಬ್ರಿಜ್ಜಿನವರು ಒಂದು ಉಪಾಯ ಹೂಡಿದರು. ಕ್ರಮವಿಧಿ ಸತ್ತು ಬಿದ್ದ ಕ್ಷಣದಲ್ಲಿ ಯಂತ್ರದ ನೆನಪಿನೊಳಗೆ ಏನೇನಿತ್ತೆಂಬುದನ್ನು ಅಚ್ಚು ಹಾಕಿ ಹೊರಗೆ ತರುವ ಇನ್ನೊಂದು ಕ್ರಮವಿಧಿಯನ್ನು ಬರೆದರು. ಅದಕ್ಕೆ 'ಶವಪರೀಕ್ಷೆ' ಎಂದೇ ಹೆಸರಿಟ್ಟರು. ಸ್ಟ್ಯಾನ್ಲಿ ಗಿಲ್ ಎಂಬ ತರುಣ 1951ರಲ್ಲಿ ಈ ರೋಗನಿದಾನದ ವಿಷಯವಾಗಿಯೇ ಒಂದು ಪ್ರಬಂಧ ಪ್ರಕಟಿಸಿದ. ಇಂದು ನನ್ನ ಮೊಮ್ಮಗಳು ಓದಿಸಿಕೊಳ್ಳುವ ಕೆಂಪಕ್ಷರದ ಸಾಲಿನ ಪೂರ್ವಜರು ಇವರು.

ಲಯನ್ಸ್ ಕಂಪನಿಯವರು ಇದೇ ಮಾದರಿಯ ಮೇಲೆ ತಮ್ಮದೇ ಯಂತ್ರ ಕಟ್ಟಿ ಅದಕ್ಕೆ ಲಿಯೋ ಎಂದು ಹೆಸರಿಟ್ಟರು. 1951ರ ನವೆಂಬರ್ ಕೊನೆಯಲ್ಲಿ ಅದು ಬೇಕರಿಯ ಲೆಕ್ಕವನ್ನು ವಹಿಸಿಕೊಂಡಿತು. ವ್ಯಾಪಾರದ ದಿನನಿತ್ಯದ ಕೆಲಸಕ್ಕೆ ನಿಂತ ಮೊದಲ ಗಣಕಯಂತ್ರ ಅದೇ ಎಂದು ಇತಿಹಾಸಕಾರರು ಬರೆಯುತ್ತಾರೆ. ನುರಿತ ಗುಮಾಸ್ತನಿಗೆ ಒಬ್ಬ ನೌಕರನ ಸಂಬಳ ಲೆಕ್ಕ ಹಾಕಲು ಎಂಟು ನಿಮಿಷ ಹಿಡಿದರೆ ಲಿಯೋಗೆ ಒಂದೂವರೆ ಸೆಕೆಂಡು ಸಾಕಾಗಿತ್ತು. ನನಗೆ ಈ ವೇಗಕ್ಕಿಂತ ಹೆಚ್ಚು ಹಿಡಿಸುವುದು ಅವರ ಅಪನಂಬಿಕೆ. ಯಂತ್ರದೊಳಗೆ ಸುಮಾರು ಆರು ಸಾವಿರ ವಾಲ್ವುಗಳು. ಯಾವುದು ಯಾವಾಗ ಕೈಕೊಡುವುದೋ ಹೇಳಬರುವಂತಿರಲಿಲ್ಲ. ಅದಕ್ಕೆ ಅವರ ಇಂಜಿನಿಯರ್ ಜಾನ್ ಪಿಂಕರ್ಟನ್ ವಿದ್ಯುತ್ತಿನ ಒತ್ತಡವನ್ನು ಬೇಕೆಂತಲೇ ಏರುಪೇರು ಮಾಡಿ ಪರೀಕ್ಷಿಸುವ ಏರ್ಪಾಡು ಮಾಡಿದರು. ಸೋತುಬಂದ ವಾಲ್ವು ಆಗಲೇ ಸಿಕ್ಕಿಬೀಳುತ್ತಿತ್ತು. ಸಂಬಳದ ದಿನ ನಡುನೀರಿನಲ್ಲಿ ಬಿಡುತ್ತಿರಲಿಲ್ಲ. ಸಂಬಳದ ಲೆಕ್ಕವನ್ನಂತೂ ವಾರಗಟ್ಟಲೆ ಯಂತ್ರದಲ್ಲಿಯೂ ಕೈಯಲ್ಲಿಯೂ ಜೊತೆಜೊತೆಯಾಗಿ ಮಾಡಿಸಿ, ಎರಡನ್ನೂ ತಾಳೆ ನೋಡಿದ ಮೇಲೆ, 1954ರಲ್ಲಿ ಕೈಲೆಕ್ಕವನ್ನು ಬಿಟ್ಟರು. ನಮ್ಮ ಹೆಡ್ ಗುಮಾಸ್ತರು ಅಲ್ಲಿದ್ದರೂ ಹೀಗೆಯೇ ಮಾಡುತ್ತಿದ್ದರು.

ಲಿಯೋ ಯಂತ್ರಗಳು ಮುಂದೆ ಬೇರೆಯವರಿಗೂ ಮಾರಾಟವಾದವು. ಕೊಂಡವರಲ್ಲಿ ಬ್ರಿಟಿಷ್ ಅಂಚೆ ಇಲಾಖೆಯೂ ಒಂದು. ಟೆಲಿಫೋನು ಬಿಲ್ಲುಗಳನ್ನು ತಯಾರಿಸಲು ಅದು ಕೊಂಡ ಲಿಯೋಗಳು 1981ರವರೆಗೂ ದುಡಿದವು. ಅಷ್ಟರಲ್ಲಿ ಲಿಯೋ ಮನೆತನ ಹಲವು ಸಂಬಂಧ ಬೆಳೆಸಿತ್ತು. 1963ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯೊಡನೆ ಕೂಡಿಕೊಂಡಿತು; 1968ರಲ್ಲಿ ಅದೆಲ್ಲ ಐಸಿಎಲ್ ಎಂಬ ದೊಡ್ಡ ಸಂಸ್ಥೆಯಲ್ಲಿ ಲೀನವಾಯಿತು; 1990ರಲ್ಲಿ ಐಸಿಎಲ್‌ನ ನೂರಕ್ಕೆ ಎಂಬತ್ತು ಪಾಲನ್ನು ಜಪಾನಿನ ಫುಜಿತ್ಸು ಕೊಂಡಿತು. ಈ ವಂಶಾವಳಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಈ ನಡುವಿನ ಕಾಲದಲ್ಲಿ ಯಂತ್ರಗಳು ಮಾತು ಕಲಿತವು. ಮೊದಮೊದಲು ಅದು ಬೀಜಾಕ್ಷರದ ಭಾಷೆ. 1964ರಲ್ಲಿ ಬಂದ ಐಬಿಎಂ 360 ಯಂತ್ರ ಕೆಲಸ ನಿಲ್ಲಿಸಿದಾಗ '0ಸಿ7' ಎಂಬಂಥ ಒಂದು ಸಂಕೇತವನ್ನು ಅಚ್ಚು ಹಾಕುತ್ತಿತ್ತು. ದಪ್ಪನೆಯ ಕೈಪಿಡಿಯನ್ನು ತಿರುವಿ ಹಾಕಿದರೆ, ಅಂಕಿ ಇರಬೇಕಾದ ಜಾಗದಲ್ಲಿ ಅಂಕಿಯಲ್ಲದ್ದೇನೋ ಇದೆ ಎಂದರ್ಥ. ಎಷ್ಟೋ ಸಲ ಅದು ಗುಮಾಸ್ತ ತುಂಬದೆ ಬಿಟ್ಟ ಒಂದು ಖಾಲಿ ಮನೆಯಷ್ಟೇ ಆಗಿರುತ್ತಿತ್ತು. ಒರಟು ಭಾಷೆಯೇ ಸರಿ. ಆದರೆ ಪ್ರಾಮಾಣಿಕ ಭಾಷೆ.

ನಮ್ಮ ಕಾರ್ಖಾನೆಗೆ ಎಲ್ಲ ಲೆಕ್ಕವನ್ನೂ ಒಂದೇ ಕಡೆ ಹೆಣೆಯುವ ದೊಡ್ಡ ತಂತ್ರಾಂಶ ಬಂದದ್ದು ನಾನು ನಿವೃತ್ತನಾಗುವ ಹಿಂದಿನ ವರ್ಷ, 2001ರಲ್ಲಿ. ಏಪ್ರಿಲ್ ಕೊನೆಯಲ್ಲಿ ಮಾರ್ಚ್ 31ರ ತಾರೀಖು ಹಾಕಿ ಒಂದು ಬಾಬು ಬರೆಯಲು ಹೋದೆವು. 'ಈ ಅವಧಿ ತೆರೆದಿಲ್ಲ' ಎಂದು ಹೇಳಿ ಯಂತ್ರ ನಿಂತಿತು. ಹುಡುಗರು ಶಪಿಸಿದರು, ಮತ್ತೆ ಮತ್ತೆ ಕೀಲಿ ಕುಟ್ಟಿದರು. ನನಗೆ ನಗು ಬಂತು. ವರ್ಷಾಂತ್ಯದ ಲೆಕ್ಕ ಮುಗಿಸಿ ಹಳೆಯ ಖಾತೆ ಪುಸ್ತಕವನ್ನು ಬೀರುವಿಗೆ ಸೇರಿಸಿ, ಬೀಗದಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದ ನಮ್ಮ ಹೆಡ್ ಗುಮಾಸ್ತರೇ ಆ ಪೆಟ್ಟಿಗೆಯೊಳಗೆ ಬಂದು ಕೂತಂತಿತ್ತು.

ಇನ್ನು ಅನಾಹುತದ ಕಥೆ. ಇಂಗ್ಲೆಂಡಿನ ಹಳ್ಳಿಗಳ ಅಂಚೆ ಕಚೇರಿಗಳನ್ನು ಬಹುಮಟ್ಟಿಗೆ ನಡೆಸುವವರು ಸರ್ಕಾರಿ ನೌಕರರಲ್ಲ. ದಿನಸಿ ಅಂಗಡಿಯ ಮೂಲೆಯಲ್ಲೊಂದು ಕೌಂಟರು ಇಟ್ಟುಕೊಂಡು, ಪಿಂಚಣಿ ಹಂಚಿ, ಅಂಚೆಚೀಟಿ ಮಾರುವ ಗುತ್ತಿಗೆಯ ಉಪ ಅಂಚೆಪಾಲಕರು. ಅವರ ಅಜಾಗರೂಕತೆಯಿಂದಲೋ ತಪ್ಪಿನಿಂದಲೋ ಹಣ ಕಡಿಮೆ ಬಿದ್ದರೆ ಅವರೇ ತುಂಬಿಕೊಡಬೇಕೆಂದು ಕರಾರು. 1999ರಿಂದ ಈ ಕಚೇರಿಗಳಿಗೆಲ್ಲ ಹರೈಜ಼ನ್ ಎಂಬ ಲೆಕ್ಕದ ತಂತ್ರಾಂಶ ಬಂತು. ಮಾಡಿದವರು ಯಾರು? ಐಸಿಎಲ್‌ನ ಮರಿಸಂಸ್ಥೆ. ವಾಲ್ವುಗಳನ್ನು ಮುಂಚಿತವಾಗಿ ಪೀಡಿಸಿ ನೋಡುತ್ತಿದ್ದ ಆ ಲಿಯೋ ಮನೆತನದ ಕುಡಿ.

ಕಾಲ ಮಾತ್ರ ಬದಲಾಗಿತ್ತು. 1998ರಲ್ಲಿಯೇ ಸಂಸ್ಥೆಯೊಳಗಿನ ತನಿಖೆಯೊಂದು ಈ ತಂತ್ರಾಂಶದ ಗುಣವನ್ನು ಕಟುವಾಗಿ ಟೀಕಿಸಿತ್ತು. ವರದಿಯಲ್ಲಿ ಕೊಟ್ಟಿದ್ದ ಉದಾಹರಣೆಯೊಂದು ಲೆಕ್ಕದವರನ್ನು ನಗಿಸುವಂಥದು. ಒಂದು ಮೊತ್ತದ ಚಿಹ್ನೆಯನ್ನು ಅಧಿಕದಿಂದ ಋಣಕ್ಕೆ ತಿರುಗಿಸಬೇಕು. ಮುಂದೊಂದು ಕಡ್ಡಿ ಗೀಚಿದರೆ ಮುಗಿಯಿತು. ಅಲ್ಲಿ ಬರೆದಿದ್ದುದು: ಆ ಮೊತ್ತವನ್ನು ಎರಡರಿಂದ ಗುಣಿಸಿ, ಬಂದದ್ದನ್ನು ಅದೇ ಮೊತ್ತದಿಂದ ಕಳೆಯಿರಿ. ಉತ್ತರವೇನೋ ಸರಿಯೇ ಬರುತ್ತದೆ. ಆದರೆ ಮೂಗು ಹಿಡಿಯಲು ಕೈಯನ್ನು ತಲೆಯ ಹಿಂದಿನಿಂದ ತರುವ ಗುಮಾಸ್ತನ ಕೈಗೆ ಶಿಲ್ಕಿನ ಪೆಟ್ಟಿಗೆ ಕೊಡುವ ಧೈರ್ಯ ಯಾರಿಗಿದೆ?

ಹರೈಜ಼ನ್ ಬಂದ ಮೇಲೆ ಹಳ್ಳಿಯ ಕೌಂಟರುಗಳಲ್ಲಿ ಶಿಲ್ಕು ಕಡಿಮೆ ಬೀಳತೊಡಗಿತು. ಹ್ಯಾಂಪ್‌ಷೈರಿನ ಸೌತ್ ವಾರ್ನ್‌ಬರೊ ಎಂಬ ಹಳ್ಳಿಯ ಜೋ ಹ್ಯಾಮಿಲ್ಟನ್ ಎಂಬಾಕೆಗೆ ಒಮ್ಮೆ ಸುಮಾರು ಎರಡು ಸಾವಿರ ಪೌಂಡು ಕಡಿಮೆ ಬಂತು. ಸಹಾಯವಾಣಿಗೆ ಫೋನು ಮಾಡಿ, ಅವರು ಹೇಳಿದ ಕೀಲಿಗಳನ್ನೇ ಒತ್ತಿದಳು. ಕಣ್ಣೆದುರಿನಲ್ಲೇ ಎರಡು ಸಾವಿರ ನಾಲ್ಕು ಸಾವಿರವಾಯಿತು. ಇದನ್ನು ಮೊದಲು ಓದಿದಾಗ ನಾನು ಪತ್ರಿಕೆಯನ್ನು ಕೆಳಗಿಟ್ಟೆ. ಎರಡರಷ್ಟಾಯಿತು ಎಂದ ಕೂಡಲೇ ನಮ್ಮ ಹೆಡ್ ಗುಮಾಸ್ತರು "ಯಾವ ಬದಿಗೆ ಬರೆದೆಯಯ್ಯಾ?" ಎಂದು ಕೇಳಿಬಿಡುತ್ತಿದ್ದರು. ಆ ತಾಯಿಗೆ ಸಿಕ್ಕಿದ ಉತ್ತರ, ಹಣ ಕಟ್ಟಬೇಕು ಎಂಬುದು. ಯಾರ್ಕ್‌ಷೈರಿನ ಬ್ರಿಡ್ಲಿಂಗ್ಟನ್ ಊರಿನ ಲೀ ಕಾಸಲ್ಟನ್ 91 ಸಲ ಫೋನು ಮಾಡಿ ನೆರವು ಬೇಡಿದ. ಕಡೆಗೆ ಅಂಚೆ ಸಂಸ್ಥೆ ಅವನ ಮೇಲೆ ಸುಮಾರು 25,000 ಪೌಂಡಿನ ದಾವೆ ಹೂಡಿತು. ವಕೀಲರಿಗೆ ಕೊಡಲು ಹಣವಿಲ್ಲದೆ ತಾನೇ ವಾದಿಸಿದ, 2007ರಲ್ಲಿ ಸೋತ. ಅಂಚೆ ಸಂಸ್ಥೆಯ ಖರ್ಚೆಂದು 3,21,000 ಪೌಂಡು ಅವನ ತಲೆಯ ಮೇಲೆ ಬಿತ್ತು; ದಿವಾಳಿಯಾದ. ಫೋನು ಮಾಡಿದ ಎಷ್ಟೋ ಜನರಿಗೆ, ಬೇರೆ ಯಾರಿಗೂ ಇಲ್ಲದ ತೊಂದರೆ ನಿಮಗೊಬ್ಬರಿಗೇ ಬಂದಿದೆ ಎಂಬ ಉತ್ತರ ಬಂದಿತ್ತು.

ನಿಜಸ್ಥಿತಿ ಬೇರೆ ಇತ್ತು. ತಪ್ಪುಗಳನ್ನು ಹುಡುಕುವವರು ಬ್ರ್ಯಾಕ್ನೆಲ್ ಎಂಬ ಊರಿನಲ್ಲಿ ಫುಜಿತ್ಸುವಿನ ಕಚೇರಿಯಲ್ಲಿ ಕೂತಿದ್ದರು. ನನ್ನ ಮೊಮ್ಮಗಳಂಥವರೇ, ಬುದ್ಧಿವಂತರೇ. ಅವರ ಬಳಿ 'ಗೊತ್ತಿರುವ ತಪ್ಪುಗಳ ದಫ್ತರ'ವೊಂದಿತ್ತು. ಅದರಲ್ಲಿ ಸಾವಿರಾರು ನಮೂದುಗಳಿದ್ದವು. ಸ್ಕಾಟ್ಲೆಂಡಿನ ಫಾಲ್ಕರ್ಕ್ ಊರಿನ ಕ್ಯಾಲೆಂಡರ್ ಸ್ಕ್ವೇರ್ ಕಚೇರಿಯಲ್ಲಿ ಬಯಲಾದ ದೋಷ ಅವುಗಳಲ್ಲೊಂದು. ಒಂದು ಕೌಂಟರಿನಿಂದ ಇನ್ನೊಂದಕ್ಕೆ ಹಣ ವರ್ಗಾಯಿಸಿದರೆ ಪಡೆದ ಕೌಂಟರಿಗೆ ಅದು ಕಾಣುತ್ತಿರಲಿಲ್ಲ. ಕಾಣಲಿಲ್ಲವೆಂದು ಮತ್ತೊಮ್ಮೆ ಮಾಡಿದರೆ ಎರಡು ಸಲ ಲೆಕ್ಕಕ್ಕೆ ಬರುತ್ತಿತ್ತು. ಯಂತ್ರ ತನ್ನೊಳಗಿನ ದಿನಚರಿಯಲ್ಲಿ ಈ ತೊಡಕನ್ನು ಪುಟಗಟ್ಟಲೆ ಬರೆದುಕೊಳ್ಳುತ್ತಿತ್ತು. ಕೌಂಟರಿನ ಮುಂದೆ ಕೂತವನಿಗೆ ಮಾತ್ರ ಒಂದಕ್ಷರವನ್ನೂ ಹೇಳುತ್ತಿರಲಿಲ್ಲ. 2006ರ ಆರಂಭದಲ್ಲಿ ಬ್ರ್ಯಾಕ್ನೆಲ್ಲಿನ ಒಬ್ಬ ತಜ್ಞೆ, ಇದು ವರ್ಷಗಳಿಂದ ಇರುವ ತೊಂದರೆ, ವಾರವಾರವೂ ಹಲವು ಕಚೇರಿಗಳಿಗೆ ತಗಲುತ್ತಿದೆ ಎಂದು ತಮ್ಮವರಿಗೆ ಬರೆದಿದ್ದರು. ಆ ವರ್ಷ ಅದನ್ನು ಸರಿಪಡಿಸಿದರು. ದೋಷ ಸರಿಹೋಯಿತು, ಅಷ್ಟರೊಳಗೆ ಹೊಣೆ ಹೊತ್ತವರ ಲೆಕ್ಕ ಸರಿಹೋಗಲಿಲ್ಲ.

ಕಾನೂನೂ ಇದೇ ಹೊತ್ತಿಗೆ ಕೈಬಿಟ್ಟಿತು. 1984ರ ಒಂದು ಕಾಯಿದೆಯ ಪ್ರಕಾರ, ಗಣಕಯಂತ್ರದ ಕಾಗದವನ್ನು ಸಾಕ್ಷ್ಯವಾಗಿ ತರುವವರು ಆ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕಿತ್ತು. ಇದು ವೃಥಾ ತೊಡಕೆಂದು 2000ದ ಏಪ್ರಿಲಿನಿಂದ ತೆಗೆದುಹಾಕಿದರು. ಅಲ್ಲಿಂದ ಮುಂದೆ ಯಂತ್ರ ಸರಿಯೆಂದೇ ನ್ಯಾಯಾಲಯ ಭಾವಿಸಬೇಕು. ತಪ್ಪೆಂದು ತೋರಿಸುವ ಭಾರ ಆಪಾದಿತನದು. ಹಳ್ಳಿಯ ಅಂಗಡಿಯವನು ಅದನ್ನು ತೋರಿಸುವುದಾದರೂ ಹೇಗೆ? ದಫ್ತರ ಇದ್ದದ್ದು ಬ್ರ್ಯಾಕ್ನೆಲ್ಲಿನಲ್ಲಿ.

ಬ್ರಿಟನ್ನಿನ ಅಂಚೆ ಸಂಸ್ಥೆಗೆ ತಾನೇ ಕ್ರಿಮಿನಲ್ ಮೊಕದ್ದಮೆ ಹೂಡುವ ರೂಢಿಯಿತ್ತು. 1999ರಿಂದ 2015ರವರೆಗೆ ಹರೈಜ಼ನ್ ಲೆಕ್ಕದ ಆಧಾರದ ಮೇಲೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಅವುಗಳಲ್ಲಿ ಸುಮಾರು 700 ಮೊಕದ್ದಮೆಗಳು ಆ ಸಂಸ್ಥೆಯವೇ. ವೆಸ್ಟ್ ಬೈಫ್ಲೀಟಿನಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದ ನಮ್ಮ ದೇಶದ ಮೂಲದ ಸೀಮಾ ಮಿಶ್ರಾ ಅವರ ವಿಚಾರಣೆಯಲ್ಲಿ ಕ್ಯಾಲೆಂಡರ್ ಸ್ಕ್ವೇರಿನ ದೋಷದ ಮಾತೂ ಬಂದಿತ್ತು. ಪಂಚರು ಅವರನ್ನೇ ಅಪರಾಧಿಯೆಂದರು. 2010ರ ನವೆಂಬರ್ 11, ಅವರ ಮಗನ ಹತ್ತನೆಯ ಹುಟ್ಟುಹಬ್ಬ. ಗರ್ಭಿಣಿಯಾಗಿದ್ದ ಅವರನ್ನು ಅಂದು ಹದಿನೈದು ತಿಂಗಳ ಸಜೆಗೆ ಕಳಿಸಿದರು.

ಇದೆಲ್ಲ ಹೊರಬಿದ್ದದ್ದು ಯಂತ್ರತಜ್ಞರಿಂದಲ್ಲ. ವೇಲ್ಸಿನ ಲ್ಯಾಂಡಡ್ನೋ ಬಳಿಯ ಕಚೇರಿಯನ್ನು 2003ರಲ್ಲಿ ಕಳೆದುಕೊಂಡ ಅಲನ್ ಬೇಟ್ಸ್ ಎಂಬ ಹಟಮಾರಿಯಿಂದ. 2009ರಲ್ಲಿ ಕಂಪ್ಯೂಟರ್ ವೀಕ್ಲಿ ಪತ್ರಿಕೆ ಏಳು ಜನರ ಕಥೆಯನ್ನು ಅಚ್ಚು ಹಾಕಿತು. ಅದೇ ವರ್ಷ ಬೇಟ್ಸ್ ಚದುರಿದವರನ್ನೆಲ್ಲ ಕೂಡಿಸಿದ. ನನಗೊಬ್ಬನಿಗೇ ಎಂದುಕೊಂಡಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡ ದಿನ ಹೇಗಿದ್ದೀತೆಂದು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಮುಂದೆ 555 ಜನ ಸೇರಿ ದಾವೆ ಹೂಡಿದರು. ಆ ದಫ್ತರವನ್ನು ಹೊರಗೆ ತರಲು ಅಂಚೆ ಸಂಸ್ಥೆ ಸುಲಭವಾಗಿ ಒಪ್ಪಲಿಲ್ಲ. 2019ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಫ್ರೇಸರ್ ತೀರ್ಪು ಕೊಟ್ಟಾಗ, ಯಂತ್ರದಲ್ಲಿ ದೋಷವಿಲ್ಲವೆಂಬ ಹಟವನ್ನು ಭೂಮಿ ಚಪ್ಪಟೆಯೆನ್ನುವವರ ಹಟಕ್ಕೆ ಹೋಲಿಸಿದರು. ರಾಜಿಯಲ್ಲಿ ಬಂದ 5 ಕೋಟಿ 77 ಲಕ್ಷ ಪೌಂಡಿನಲ್ಲಿ ದಾವೆಯ ಖರ್ಚು ಕಳೆದು ಆ 555 ಜನರಿಗೆ ಉಳಿದದ್ದು ಸುಮಾರು 1 ಕೋಟಿ 20 ಲಕ್ಷ. 2021ರ ಏಪ್ರಿಲ್ 23ರಂದು 39 ಜನರ ಶಿಕ್ಷೆ ರದ್ದಾಯಿತು. ಜೋ ಹ್ಯಾಮಿಲ್ಟನ್, ಸೀಮಾ ಮಿಶ್ರಾ ಅವರಲ್ಲಿದ್ದರು. 2024ರ ಜನವರಿಯಲ್ಲಿ ದೂರದರ್ಶನದ ನಾಟಕವೊಂದು ದೇಶವನ್ನೇ ಕೆರಳಿಸಿದ ಮೇಲೆ, ಮೇ ತಿಂಗಳಿನಲ್ಲಿ ಪಾರ್ಲಿಮೆಂಟು ಕಾಯಿದೆಯ ಮೂಲಕವೇ ಉಳಿದವರ ಶಿಕ್ಷೆಗಳನ್ನು ಅಳಿಸಿತು. 2025ರ ಜುಲೈನಲ್ಲಿ ಬಂದ ವಿಚಾರಣಾ ವರದಿಯ ಮೊದಲ ಸಂಪುಟ, ಈ ಪ್ರಕರಣದಿಂದಾಗಿ ಕನಿಷ್ಠ 13 ಜನ ಪ್ರಾಣ ಕಳೆದುಕೊಂಡಿರಬಹುದೆಂದು ಹೇಳಿದೆ.

ಮೊನ್ನೆ ಊಟದ ಹೊತ್ತಿನಲ್ಲಿ ಮೊಮ್ಮಗಳಿಗೆ ಈ ಕಥೆಯ ಒಂದು ತುಣುಕನ್ನು ಹೇಳಿದೆ. 2015ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಕಚೇರಿಯವರು 8,000 ಪೌಂಡಿನ ಒಂದು ನಗದು ಚೀಲವನ್ನು ಜಮಾ ಮಾಡಲು ಹೊರಟರು. ಕೀಲಿ ಒತ್ತಿದರೂ ಪರದೆ ಕದಲಲಿಲ್ಲ. ಮತ್ತೆ ಒತ್ತಿದರು, ಮತ್ತೆ ಒತ್ತಿದರು. ಒಟ್ಟು ನಾಲ್ಕು ಸಲ ಜಮಾ ಆಗಿ, ಬಂದ ಎಂಟು ಸಾವಿರ ಪುಸ್ತಕದಲ್ಲಿ ಮೂವತ್ತೆರಡು ಸಾವಿರವಾಯಿತು. ಹಿಂದಿನ ಐದು ವರ್ಷಗಳನ್ನು ತೆಗೆದು ನೋಡಿದರೆ 88 ಕಚೇರಿಗಳಲ್ಲಿ 112 ಸಲ ಹೀಗೆಯೇ ಆಗಿತ್ತು.

ಅವಳು ಮೊಸರನ್ನ ಕಲಸುವುದನ್ನು ನಿಲ್ಲಿಸಿದಳು. "ಎರಡನೇ ಸಲ ಒತ್ತಿದಾಗ ಏನೂ ಬರಲಿಲ್ಲವಾ ತಾತ? ಈ ಚೀಲದ ನಂಬರು ಆಗಲೇ ಜಮಾ ಆಗಿದೆ ಅಂತ ಒಂದು ಸಾಲು?"

"ಏನೂ ಬರಲಿಲ್ಲ."

"ಒಂದು ಸಾಲೂ ಇಲ್ಲವಾ?" ಎಂದು ಇನ್ನೊಮ್ಮೆ ಕೇಳಿದಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಆ ಕಡೆಯವನು ಯಾವುದೋ ಗಾಬರಿಯಲ್ಲಿದ್ದಂತೆ ಕಾಣುತ್ತದೆ. ಇವಳು ಇಂಗ್ಲಿಷಿನಲ್ಲಿ ಅವನಿಗೆ ನಿಧಾನವಾಗಿ ಹೇಳುತ್ತಿದ್ದುದು ಬಾಗಿಲಿನಾಚೆಯಿಂದ ಕೇಳಿಸುತ್ತಿತ್ತು: ಏನನ್ನೂ ಒತ್ತಬೇಡಿ, ಪರದೆಯ ಮೇಲಿರುವುದನ್ನು ಒಂದಕ್ಷರ ಬಿಡದೆ ಓದಿ ಹೇಳಿ.